ಇನ್ನೇನು

ಬೆಥೆಸ್ಡಾದ ಕಲ್ಲು ಕಪ್ಪಲ್ಲ,
ನೇರಳೆ. ಒದ್ದೆಯಾದಾಗ ಮಾತ್ರ ಬಣ್ಣ ಒಪ್ಪಿಕೊಳ್ಳುತ್ತದೆ.
ನಾನು ಅ ಆ ತಿದ್ದಿದ ಸ್ಲೇಟಿನ ಒಡಹುಟ್ಟು,
ಆದರೆ ಇಲ್ಲಿ ಎಂಜಲು ಹಚ್ಚಿ ಒರೆಸಿದರೆ
ಯಾವ ತಪ್ಪೂ ಹೋಗುವುದಿಲ್ಲ.

ಶಿವಾರಪಟ್ಟಣದಲ್ಲಿ ಅಪ್ಪ ಉಳಿ ಕೊಟ್ಟಾಗ ಹೇಳಿದ್ದು,
ಮೊದಲು ಮೂಗು ತೆಗಿ, ಕಣ್ಣು ಕೊನೆಗೆ.
ಇಲ್ಲಿ ಮೂಗಿಲ್ಲ, ಕಣ್ಣಿಲ್ಲ.
ಬರೀ ಹೆಸರು.

ನನ್ನ ಯಜಮಾನ ಯೋರ್ವರ್ತ್. ಚೆಲುವ ದೊರೆ ಅಂತ ಅರ್ಥ.
ಹೇಳಿ ತಾನೇ ನಗುತ್ತಾನೆ ಬೊಚ್ಚು ಬಾಯಿ ತೆರೆದು,
ದೊರೆಯ ಕಿವಿಯೊಳಗೂ ಕಲ್ಲಿನ ಹಿಟ್ಟು.

ಹೋದ ವಾರ ಎಮ್ರಿಸ್ ಅನ್ನುವವನ ಕಲ್ಲು ಮುಗಿಸಿದೆ.
ಎಮ್ರಿಸ್ ಅಂದರೆ ಸಾವಿಲ್ಲದವ,
ನಮ್ಮ ಅಮೃತಕ್ಕೆ ದೂರದ ದಾಯಾದಿ.
ಅದರ ಕೆಳಗೇ ಸತ್ತ ತಾರೀಖು ಕೆತ್ತಿದೆ.
ಒಂಬತ್ತರ ಬಾಲ ಕೊಂಚ ಉದ್ದವಾಯಿತು.
ಯಾರೂ ಕೇಳಲಿಲ್ಲ.

ಈ ವಾರದ್ದು ಹೆಂಗಸಿನ ಕಲ್ಲು.
ಓಹಾಯೋದಿಂದ ಮೊಮ್ಮಗ ಬರೆದು ಕಳಿಸಿದಂತೆ: ಬ್ರಾನ್‌ವಿನ್.
ಏಳು ಅಕ್ಷರ, ಅಕ್ಷರಕ್ಕಿಷ್ಟು ಅಂತ ದುಡ್ಡೂ ಬಂದಿತ್ತು.
ಸೀಮೆಸುಣ್ಣದಲ್ಲಿ ಗೀಚಿಕೊಂಡು ಉಳಿ ಇಡುವಷ್ಟರಲ್ಲಿ
ಯೋರ್ವರ್ತ್ ಚಹಾದ ಮಗ್ಗು ಕೆಳಗಿಟ್ಟ.
"ಯಾವ ಗಂಡಸು ಸತ್ತಿದ್ದು?"

ಬಿಳುಪಿಗೂ ಪಾವನಕ್ಕೂ ಇವರದು ಒಂದೇ ಮಾತಂತೆ,
ಗಂಡಾದರೆ ಗ್ವಿನ್, ಹೆಣ್ಣಾದರೆ ಗ್ವೆನ್,
ಇನ್ನೊಂದು ಪದದ ಬೆನ್ನಿಗೆ ಹತ್ತಿದರೆ ಗಕಾರ ಉದುರಿ
ವಿನ್, ವೆನ್.
ಸಂಧಿ ತಪ್ಪಿದರೆ ಕಿವಿ ಹಿಂಡುತ್ತಿದ್ದ ನಮ್ಮ ಮೇಷ್ಟ್ರು
ಇದಕ್ಕೆ ತಲೆದೂಗುತ್ತಿದ್ದರು.
ನಾನು ನನಗಾಗಿ ಹೀಗೆ ನೆನಪಿಟ್ಟುಕೊಂಡೆ:
ವಕಾರಕ್ಕೆ ಎತ್ವ ಕೊಟ್ಟರೆ ಹೆಣ್ಣು,
ಗುಡಿಸು ಕೊಟ್ಟರೆ ಮೀಸೆ.

ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ ಎಷ್ಟೋ ಹುಡುಗಿಯರು
ಆ ಮೀಸೆ ಇಟ್ಟುಕೊಂಡೇ ಸುಖವಾಗಿದ್ದಾರೆ.
ಮೊಮ್ಮಗನಿಗೆ ಬರೆದೆವು. ಉತ್ತರ ಬಂತು:
ನನ್ನ ಮಗಳದೂ ಹಾಗೇ ಇದೆ, ಪಾಸ್‌ಪೋರ್ಟಿನಲ್ಲಿ,
ಅಜ್ಜಿಯ ಹೆಸರಂತ ಇಟ್ಟದ್ದು.
ದಯವಿಟ್ಟು ತಿದ್ದಬೇಡಿ.

ಎರಡು ದಿನ ಕಲ್ಲು ಗೋಡೆಗೆ ಮುಖ ಮಾಡಿ ನಿಂತಿತು.

ಆಮೇಲೆ ತಂಗಿ ಬಂದಳು, ತೊಂಬತ್ತೊಂದು, ಒಬ್ಬಳೇ ಬಸ್ಸಿಳಿದು.
ಹೆಸರು ಅಙ್‌ಹಾರದ್.
ಕಖಗಘ ಕಲಿತಂದಿನಿಂದ ಸಾಲಿನ ತುದಿಯಲ್ಲಿ
ಕೆಲಸವಿಲ್ಲದೆ ಕೂತಿದ್ದ ಙ
ಎದ್ದು ಪಂಚೆ ಕೊಡವಿಕೊಂಡಿತು.
ನಮ್ಮಲ್ಲಿ 'ಅನ್' ಮುಂದೆ ಬಂದರೆ ಇಲ್ಲ ಅಂತ: ಅನಾದರ, ಅನಾಥ.
ಇವಳ ಹೆಸರಿನ 'ಅನ್' ಅಂದರೆ ಬಹಳ.
ಬಹಳ ಮುದ್ದಿನವಳು.
"ಮುದ್ದೆಲ್ಲ ಅಕ್ಕನ ಪಾಲಾಯ್ತು, ನನಗೆ ಹೆಸರಷ್ಟೇ,"
ಅಂದು ಚೀಲದಿಂದ ಜಾಮಿನ ಬಾಟಲಿ ತೆಗೆದಳು.

ಬಾಟಲಿಯ ಚೀಟಿಯಲ್ಲಿ ಹಣ್ಣು, ವರ್ಷ,
ಕೆಳಗೆ ಓರೆಯಾಗಿ: ಬ್ರಾನ್.
ಅಷ್ಟೇ.
"ಪೂರ್ತಿ ಬರೆದದ್ದು ನಾನಂತೂ ಕಾಣೆ.
ಸೋಮಾರಿ ಅವಳು. ಕೈ ಮಾತ್ರ ಚೆನ್ನಾಗಿತ್ತು."

ಬ್ರಾನ್ ಅಂದರೆ ಎದೆ. ಬೆಟ್ಟದ ಎದೆಗೂ ಅದೇ,
ಮೇಲಿನ ಬೀದಿಯ ಗೇಟುಗಳ ಮೇಲೆ ದಿನಾ ಓದುತ್ತೇನೆ.
ಇನ್ನೂ ಒಂದಿದೆ, ಅಂದ ಯೋರ್ವರ್ತ್, ಕೆಟಲಿಗೆ ನೀರು ತುಂಬುತ್ತ,
ಬಸ್ಸು ಇನ್ನೇನು ಬಂತು, ಹಾಲು ಇನ್ನೇನು ಉಕ್ಕಿತು
ಅನ್ನುತ್ತೀಯಲ್ಲ,
ಆ ಇನ್ನೇನು.

ನಾಲ್ಕು ಅಕ್ಷರ ಕೆತ್ತಿದೆ.
ಪಕ್ಕದಲ್ಲಿ ಮೂರು ಅಕ್ಷರದಷ್ಟು ಕಲ್ಲು ಹಾಗೇ ಬಿಟ್ಟಿದ್ದೇನೆ,
ಮೂರು ಅಕ್ಷರದ ದುಡ್ಡು ವಾಪಸು ಹೋಗಿದೆ,
ಓಹಾಯೋದಿಂದ ಇನ್ನೂ ಸುದ್ದಿ ಇಲ್ಲ.

ಜಾಮು ನಮಗೇ ಬಿಟ್ಟು ಹೋದಳು.
ಬ್ರೆಡ್ಡಿಗೆ ನಾನು, ಬರೀ ಚಮಚಕ್ಕೆ ಅವನು,
ಇನ್ನೇನು ತಳ ಕಾಣುತ್ತಿದೆ.
ಬಾಟಲಿ ತೊಳೆಯುವುದು ಯಾರೆಂದು
ಇಬ್ಬರೂ ಮಾತೆತ್ತುತ್ತಿಲ್ಲ,
ಚೀಟಿ ನೆನೆದೀತು ಅಂತ.